ಕೆರೆಯ ರೋಟಿಫರ್‌ಗಳು: ಹಿಡಿಯುವುದು, ಗುರುತಿಸುವುದು, ಎಣಿಸುವುದು

ಕೆರೆಯ ಜೀವಿಗಳ ಪಟ್ಟಿ ಮಾಡಲು ಹೊರಟವರಲ್ಲಿ ನೀರಿನಲ್ಲಿ ತೇಲಾಡುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್‌ವರೆಗೆ ಬರುವವರು ಕಡಿಮೆ. ಬಂದವರೂ ಏರಿಯ ಮೇಲೆ ನಿಂತು ಬಲೆ ಎಸೆಯುತ್ತಾರೆ, ಸಿಕ್ಕಿದ್ದಕ್ಕೆ ಅಲ್ಲೇ ಫಾರ್ಮಲಿನ್ ಸುರಿಯುತ್ತಾರೆ, ಆಮೇಲೆ ಬಿಡುವಾದಾಗ ಸೂಕ್ಷ್ಮದರ್ಶಕದಲ್ಲಿ ನೋಡಿ ಎಂಟು-ಹತ್ತು ಹೆಸರು ಬರೆದು ಮುಗಿಸುತ್ತಾರೆ. ಬ್ರಾಕಿಯೋನಸ್, ಕೆರಟೆಲ್ಲಾ, ಫಿಲಿನಿಯಾ, ಎಲ್ಲವೂ ರೋಟಿಫರ್ ಎಂಬ ಸೂಕ್ಷ್ಮ ಜಲಪ್ರಾಣಿಗಳ ಕುಲಗಳು. ಹಾಸನದ ಕೆರೆಯ ಪಟ್ಟಿಯೂ ಅದೇ, ಕೋಲಾರದ್ದೂ ಅದೇ. ಇದಕ್ಕೆ ಕಾರಣ ಎರಡು. ಒಂದು, ನಡುನೀರನ್ನು ಮಾತ್ರ ಸೋಸುವುದು. ಇನ್ನೊಂದು, ಜೀವಂತವಾಗಿ ನೋಡುವ ಮೊದಲೇ ಕೊಂದುಬಿಡುವುದು. ರೋಟಿಫರ್‌ಗಳ ವೈವಿಧ್ಯದ ದೊಡ್ಡ ಪಾಲು ಅಂಚಿನ ಗಿಡಗಳ ನಡುವೆ ಇರುತ್ತದೆ. ಅವುಗಳಲ್ಲಿ ಹಲವು ಫಾರ್ಮಲಿನ್ ತಗುಲಿದ ಕ್ಷಣ ಮುದುಡಿ, ಗುರುತು ಹಿಡಿಯಲಾಗದ ಉಂಡೆಯಾಗುತ್ತವೆ.

ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ಕೆರೆ ಸಂರಕ್ಷಣೆಯ ತಂಡಗಳು, ಶಾಲೆ-ಕಾಲೇಜಿನ ಶಿಕ್ಷಕರು ಒಂದು ಸಾಧಾರಣ ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡಬಹುದಾದ ಕೆಲಸವನ್ನು ಇಲ್ಲಿ ವಿವರಿಸಿದೆ.

ಮೊದಲು ಪ್ರಾಣಿಯ ಪರಿಚಯ. ಜಗತ್ತಿನಲ್ಲಿ ಸುಮಾರು 2,000 ಪ್ರಭೇದದ ರೋಟಿಫರ್‌ಗಳಿವೆ, ಬಹುಪಾಲು ಸಿಹಿನೀರಿನವು. ಭಾರತದಲ್ಲಿ 400ಕ್ಕೂ ಹೆಚ್ಚು ದಾಖಲಾಗಿವೆ. ಹೆಚ್ಚಿನವುಗಳ ಉದ್ದ 100ರಿಂದ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿನ ಒಳಗೆ. ಇಡೀ ದೇಹದಲ್ಲಿರುವುದು ಸಾವಿರದ ಆಸುಪಾಸಿನ ಜೀವಕೋಶ. ತಲೆಯ ಮೇಲೆ ಲೋಮಾಂಗಗಳ, ಅಂದರೆ ಸೂಕ್ಷ್ಮ ರೋಮಗಳ, ವರ್ತುಲವಿದ್ದು, ಅದರ ಬಡಿತ ಚಕ್ರ ತಿರುಗಿದಂತೆ ಕಾಣುತ್ತದೆ. ಗಂಟಲಿನಲ್ಲಿ ಮಾಸ್ಟ್ಯಾಕ್ಸ್ ಎಂಬ ಅರೆಯುವ ಅಂಗ, ಅದರೊಳಗೆ ಟ್ರೋಫೈ ಎಂಬ ಗಟ್ಟಿ ದವಡೆಗಳು. ಏಕಕೋಶದ ಸಿಲಿಯೇಟ್‌ಗಳನ್ನು ರೋಟಿಫರ್ ಎಂದು ಬರೆಯುವ ತಪ್ಪು ಬಹಳ ಸಾಮಾನ್ಯ. ಗಂಟಲಲ್ಲಿ ಏನೋ ಕುಟ್ಟುತ್ತಿರುವುದು ಕಂಡರೆ ಅದು ರೋಟಿಫರ್, ಕಾಣದಿದ್ದರೆ ಅವಸರಪಡಬೇಡಿ.

ಬಲೆ ಮತ್ತು ಉಳಿದ ಸಾಮಾನು

ಬಲೆಯ ಕಣ್ಣಿನ ಅಳತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ದೊಡ್ಡ ಪ್ಲಾಂಕ್ಟನ್‌ಗೆಂದು ಮಾರುವ 100 ಮೈಕ್ರಾನಿನ ಬಲೆಯಲ್ಲಿ ಡ್ಯಾಫ್ನಿಯಾ, ಸೈಕ್ಲಾಪ್ಸ್ ಎಂಬ ಪುಟ್ಟ ಕಠಿಣಚರ್ಮಿಗಳು ಚೆನ್ನಾಗಿ ಸಿಗುತ್ತವೆ, ರೋಟಿಫರ್‌ಗಳಲ್ಲಿ ಹೆಚ್ಚಿನವು ನುಸುಳಿ ಹೋಗುತ್ತವೆ. 45ರಿಂದ 50 ಮೈಕ್ರಾನ್ ರೂಢಿಯ ಅಳತೆ. ಅನುರಿಯಾಪ್ಸಿಸ್‌ನಂಥ ಪುಟ್ಟವು ಬೇಕೆಂದರೆ 20-30 ಮೈಕ್ರಾನ್ ಬೇಕು, ಆದರೆ ಹಸಿರುಗಟ್ಟಿದ ಕೆರೆಯಲ್ಲಿ ಅಂಥ ಬಲೆ ಎರಡು ಬಕೆಟ್ ನೀರಿಗೇ ಕಟ್ಟಿಕೊಳ್ಳುತ್ತದೆ.

ಕೊಂಡ ಬಲೆ ದುಬಾರಿ ಎನಿಸಿದರೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯ ಪಾಲಿಯೆಸ್ಟರ್ ಜಾಲರಿ ತಂದು ಹೊಲಿಸಬಹುದು. ಅಲ್ಲೊಂದು ಎಚ್ಚರ ಬೇಕು. ಅಂಗಡಿಯವರು ಹೇಳುವ ಸಂಖ್ಯೆ ಸೆಂಟಿಮೀಟರಿಗೆ ಅಥವಾ ಇಂಚಿಗೆ ಎಷ್ಟು ಎಳೆ ಎಂಬುದು; ಅದು ಮೈಕ್ರಾನ್ ಅಲ್ಲ. ಒಂದು ಚೂರನ್ನು ತಂದು ಮೈಕ್ರೋಮೀಟರ್ ಸ್ಲೈಡಿನ ಜೊತೆ ಅಳೆದು ನೋಡಿದ ಮೇಲೆಯೇ ಹೊಲಿಸಿ. ಬಾಯಿ 20 ಸೆಂ.ಮೀ. ಅಗಲ, ಉದ್ದ ಅದರ ಮೂರು ಪಟ್ಟು, ತುದಿಯಲ್ಲಿ ಬಿಚ್ಚಿ ಹಾಕಬಹುದಾದ ಸಣ್ಣ ಬಾಟಲಿ. ಹೊಲಿಗೆಯ ತೂತುಗಳು ಜಾಲರಿಯ ಕಣ್ಣಿಗಿಂತ ದೊಡ್ಡವಾಗಿರುತ್ತವೆ, ಆದ್ದರಿಂದ ಹೊಲಿಗೆಯನ್ನು ಮಡಚಿ ಅಂಟು ಹಚ್ಚಿ ಮುಚ್ಚಬೇಕು.

ಉಳಿದಂತೆ ಬೇಕಾದವು: 10 ಲೀಟರಿನ ಬಕೆಟ್, 100 ಮಿ.ಲೀ.ನ ಅಗಲ ಬಾಯಿಯ ಬಾಟಲಿಗಳು, ಥರ್ಮಾಮೀಟರ್, ಪಿಎಚ್ ಮೀಟರ್, ಸೆಕ್ಕಿ ತಟ್ಟೆ (ನೀರಿಗೆ ಇಳಿಬಿಟ್ಟು, ಎಷ್ಟು ಆಳದಲ್ಲಿ ಕಾಣದಾಗುತ್ತದೆ ಎಂದು ನೋಡಿ ನೀರಿನ ತಿಳಿತನ ಅಳೆಯುವ ತಟ್ಟೆ), ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕುವ ದಪ್ಪ ಕಾಗದದ ಚೀಟಿ, ಡ್ರಾಪರ್, ಸಾದಾ ಸೋಡಾ ನೀರು, ಫಾರ್ಮಲಿನ್, ಕೈಗವಸು. ಕೊಳಚೆ ಸೇರುವ ಕೆರೆಯಲ್ಲಿ ಕೈಗವಸು, ಗಮ್‌ಬೂಟು ಇಲ್ಲದೆ ಇಳಿಯಬಾರದು, ಅಲ್ಲಿ ಇಲಿಜ್ವರದ ಭಯವಿದೆ. ಹೂಳು ತುಂಬಿದ ಅಂಗಳದಲ್ಲಂತೂ ಒಬ್ಬರೇ ಕಾಲಿಡಬೇಡಿ.

ಎಲ್ಲಿ ಹುಡುಕಬೇಕು

ಒಂದು ಕೆರೆಯನ್ನು ಕನಿಷ್ಠ ಮೂರು ಮನೆಗಳಾಗಿ ನೋಡಬೇಕು.

ಮೊದಲನೆಯದು ನಡುನೀರು. ತೂಬಿನ ಬಳಿ ಅಥವಾ ತೆಪ್ಪದಲ್ಲಿ ಹೋಗಿ ತೆಗೆಯುವ ನೀರು. ಇಲ್ಲಿರುವವು ಈಜುತ್ತಲೇ ಬದುಕುವ ಬ್ರಾಕಿಯೋನಸ್, ಕೆರಟೆಲ್ಲಾ, ಪಾಲಿಆರ್ಥ್ರಾ, ಹೆಕ್ಸಾರ್ಥ್ರಾ, ಆಸ್ಪ್ಲಾಂಕ್ನಾ. ಸಂಖ್ಯೆ ಲೀಟರಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಇರಬಹುದು, ಪ್ರಭೇದ ಮಾತ್ರ ಕಡಿಮೆ.

ಎರಡನೆಯದು ಅಂಚಿನ ಜೊಂಡು, ಹೈಡ್ರಿಲ್ಲಾ, ನೈದಿಲೆ, ಅಂತರಗಂಗೆಯ ಬೇರು. ಪಟ್ಟಿ ಬೆಳೆಯುವುದು ಇಲ್ಲಿ. ಲೆಕೇನ್, ಲೆಪಡೆಲ್ಲಾ, ಟ್ರೈಕೊಸರ್ಕಾ, ಯೂಕ್ಲಾನಿಸ್, ಮೈಟಿಲಿನಾ, ಟೆಸ್ಟುಡಿನೆಲ್ಲಾಗಳು ಎಲೆಗಳ ಮೇಲಿನ ಲೋಳೆಯಲ್ಲಿ ಮೇಯುತ್ತ ಅಡ್ಡಾಡುತ್ತವೆ. ಲೆಕೇನ್ ಒಂದೇ ಕುಲದಲ್ಲಿ ಉಷ್ಣವಲಯದಲ್ಲಿ ಹತ್ತಾರು ಪ್ರಭೇದಗಳಿವೆ. ಗಿಡ ಚೆನ್ನಾಗಿರುವ ಕೆರೆಯಲ್ಲಿ ವರ್ಷವಿಡೀ ಹುಡುಕಿದರೆ ಪಟ್ಟಿ ಐವತ್ತು ದಾಟುವುದು ಅಪರೂಪವಲ್ಲ. ಅದೇ ಕೆರೆಯ ನಡುನೀರಿನಲ್ಲಿ ಹದಿನೈದು ಸಿಕ್ಕರೆ ಹೆಚ್ಚು.

ಎಲೆಗೆ ಅಂಟಿಕೊಂಡೇ ಬಾಳುವವೂ ಇವೆ: ಫ್ಲಾಸ್ಕ್ಯುಲೇರಿಯಾ, ಲಿಮ್ನಿಯಾಸ್, ಕೊಲ್ಲೋಥೀಕಾ. ಇವುಗಳನ್ನು ಯಾವ ಬಲೆಯೂ ತರುವುದಿಲ್ಲ. ಸೀಳೆಲೆಯ ಜಲಸಸ್ಯದ ಒಂದೆರಡು ಸೆಂಟಿಮೀಟರ್ ತುದಿಯನ್ನು ಕತ್ತರಿಸಿ, ಗಾಜಿನ ತಟ್ಟೆಯಲ್ಲಿ ಅದೇ ಕೆರೆಯ ನೀರಿನಲ್ಲಿಟ್ಟು, ಹತ್ತು ನಿಮಿಷ ಅಲುಗಿಸದೆ ಬಿಟ್ಟು, 20-40 ಪಟ್ಟಿನಲ್ಲಿ ನೋಡಿ. ಅಲುಗಿದರೆ ಒಳಗೆ ಎಳೆದುಕೊಂಡುಬಿಡುತ್ತವೆ. ಫ್ಲಾಸ್ಕ್ಯುಲೇರಿಯಾ ರಿಂಜೆನ್ಸ್ ನೀರಿನಲ್ಲಿ ತೇಲುವ ಕಣಗಳನ್ನು ಉಂಡೆ ಮಾಡಿ ಒಂದರ ಮೇಲೊಂದು ಜೋಡಿಸಿ ತನ್ನ ಸುತ್ತ ಕೊಳವೆ ಕಟ್ಟುವುದನ್ನು ತಾಳ್ಮೆಯಿದ್ದರೆ ಕಣ್ಣಾರೆ ಕಾಣಬಹುದು.

ಮೂರನೆಯದು ತಳದ ಹೂಳು, ಒದ್ದೆ ಕಲ್ಲು, ಕಲ್ಯಾಣಿಯ ಮೆಟ್ಟಿಲಿನ ಹಾವಸೆ. ಇಲ್ಲಿ ಡೆಲಾಯ್ಡ್ ಗುಂಪಿನವು ಹೆಚ್ಚು: ಜಿಗಣೆಯಂತೆ ಮೈಚಾಚಿ ಮುದುಡಿ ತೆವಳುವ ರೋಟೇರಿಯಾ, ಫಿಲೋಡಿನಾ.

ನೀರು ತೆಗೆಯುವ ಕ್ರಮ

ಎಣಿಕೆಗೆ ಬೇಕಾದ ಮಾದರಿ ಬೇರೆ, ಪಟ್ಟಿಗೆ ಬೇಕಾದ ಮಾದರಿ ಬೇರೆ. ಎರಡನ್ನೂ ಒಂದೇ ಬಾಟಲಿಯಲ್ಲಿ ತರಲು ಹೋಗಬೇಡಿ.

1. ಬೆಳಿಗ್ಗೆ ಒಂದೇ ಹೊತ್ತಿಗೆ ಹೋಗಿ. ಮೊದಲು ಉಷ್ಣತೆ, ಪಿಎಚ್, ಸೆಕ್ಕಿ ಆಳ ಬರೆದುಕೊಳ್ಳಿ. ಸಾಧ್ಯವಿದ್ದರೆ ಕರಗಿದ ಆಮ್ಲಜನಕವನ್ನೂ ಅಳೆಯಿರಿ. ನೀರು ಕಲಕಿದ ಮೇಲೆ ಈ ಅಳತೆಗಳಿಗೆ ಬೆಲೆಯಿಲ್ಲ.

2. ಎಣಿಕೆಗಾಗಿ 10 ಲೀಟರಿನ ಬಕೆಟ್ಟಿನಲ್ಲಿ ನಾಲ್ಕು ಸಲ, ಒಟ್ಟು 40 ಲೀಟರ್ ನೀರು ತೆಗೆದು, ಬಲೆಯ ಮೂಲಕ ನಿಧಾನವಾಗಿ ಸುರಿಯಿರಿ. ಗಾಳಿ ತಳ್ಳಿ ತಂದ ಹಸಿರು ಕೆನೆ ನಿಂತಿರುವ ಮೂಲೆಯನ್ನು ಬಿಡಿ. ಬಲೆ ಎಳೆಯುವ ವಿಧಾನದಲ್ಲಿ ಲೆಕ್ಕ ಸುಲಭ ಎನಿಸುತ್ತದೆ: 20 ಸೆಂ.ಮೀ. ಬಾಯಿಯ ಬಲೆಯನ್ನು 5 ಮೀಟರ್ ಎಳೆದರೆ 157 ಲೀಟರ್. ಆದರೆ ಕಣ್ಣು ಕಟ್ಟಿಕೊಂಡಂತೆ ನೀರು ಬಾಯಿಯಿಂದ ಹೊರಚೆಲ್ಲುತ್ತದೆ, ನಿಜವಾಗಿ ಸೋಸಿದ್ದು ಎಷ್ಟೆಂದು ತಿಳಿಯುವುದೇ ಇಲ್ಲ. ಎಣಿಕೆಗೆ ಬಕೆಟ್ಟೇ ಸರಿ.

3. ಬಲೆಯ ಹೊರಗಿನಿಂದ ನೀರು ಚಿಮುಕಿಸಿ, ಅಂಟಿದ್ದನ್ನೆಲ್ಲ ಬಾಟಲಿಗೆ ಇಳಿಸಿ. ಒಳಗಿನಿಂದ ಸೋಸದ ನೀರು ಹಾಕಿದರೆ ಹೊಸ ಪ್ರಾಣಿಗಳು ಸೇರಿ ಲೆಕ್ಕ ಕೆಡುತ್ತದೆ.

4. ಪಟ್ಟಿಗಾಗಿ ಅಂಚಿಗೆ ಹೋಗಿ. ನೀರಿನೊಳಗೇ ಗಿಡದ ಸುತ್ತ ಪ್ಲಾಸ್ಟಿಕ್ ಚೀಲ ಹಾಕಿ, ಬುಡ ಕತ್ತರಿಸಿ ಮೇಲೆತ್ತಿ. ಚೀಲವನ್ನು ಕುಲುಕಿ, ಗಿಡವನ್ನು ಬಕೆಟ್ಟಿನಲ್ಲಿ ಹಿಂಡಿ, ಆ ನೀರನ್ನು ಮೊದಲು ಟೀ ಸೋಸುವ ಜರಡಿಯಲ್ಲಿ ಹಾಯಿಸಿ, ಆಮೇಲೆ ಬಲೆಯಲ್ಲಿ ಸೋಸಿ.

5. ಪ್ರತಿ ಜಾಗದಿಂದ ಎರಡು ಬಾಟಲಿ. ಒಂದಕ್ಕೆ ಫಾರ್ಮಲಿನ್, ಇನ್ನೊಂದು ಜೀವಂತ. ಜೀವಂತದ್ದನ್ನು ಅರ್ಧ ಮಾತ್ರ ತುಂಬಿ, ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿಟ್ಟು, ಮೂರು-ನಾಲ್ಕು ಗಂಟೆಯೊಳಗೆ ನೋಡಿ. ತಡವಾದರೆ ಉಸಿರುಗಟ್ಟಿ ಸಾಯುವುದು ಒಂದು ಕಡೆ, ಬಾಟಲಿಯೊಳಗೆ ಸೈಕ್ಲಾಪ್ಸ್ ಮತ್ತು ಆಸ್ಪ್ಲಾಂಕ್ನಾ ಉಳಿದವನ್ನು ತಿಂದು ಮುಗಿಸುವುದು ಇನ್ನೊಂದು ಕಡೆ.

ಫಾರ್ಮಲಿನ್ ಅಳತೆಯಲ್ಲಿ ಒಂದು ಹಳೆಯ ಗೊಂದಲವಿದೆ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ನಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಶೇ. 37-40. ಅದರ 10 ಮಿ.ಲೀ.ಗೆ 90 ಮಿ.ಲೀ. ಮಾದರಿ ಸೇರಿದರೆ ಶೇ. 4 ಫಾರ್ಮಾಲ್ಡಿಹೈಡ್ ಆಗುತ್ತದೆ, ಬೇಕಾದದ್ದು ಅದು. 100ಕ್ಕೆ 4 ಮಿ.ಲೀ. ಹಾಕಿ 'ಶೇ. 4' ಎಂದು ಬರೆದವರ ಬಾಟಲಿಗಳು, ಅದರಲ್ಲೂ ಪಾಚಿ ದಟ್ಟವಾಗಿದ್ದವು, ಕೆಲವು ತಿಂಗಳಲ್ಲಿ ಕೊಳೆಯುತ್ತವೆ. ಗಾಳಿಯಾಡುವ ಕಡೆ ಕೈಗವಸು ಹಾಕಿಕೊಂಡೇ ಸುರಿಯಿರಿ.

ಜೀವಂತ ನೋಡುವುದು

ಒಂದು ತೊಟ್ಟು ನೀರು, ಮೇಲೆ ಕವರ್ ಗಾಜು. ಗಾಜಿನ ನಾಲ್ಕು ಮೂಲೆಗೆ ಒಂದಿಷ್ಟು ವ್ಯಾಸಲೀನ್ ಹಚ್ಚಿದರೆ ಪ್ರಾಣಿ ಜಜ್ಜಿ ಹೋಗುವುದಿಲ್ಲ. ಓಡಾಟ ಹೆಚ್ಚಿದ್ದರೆ ಬ್ಲಾಟಿಂಗ್ ಕಾಗದದಿಂದ ಅಂಚಿನ ನೀರು ಹೀರಿ ಜಾಗ ಕಿರಿದು ಮಾಡಿ, ಇಲ್ಲವೇ ಹತ್ತಿಯ ನಾಲ್ಕು ಎಳೆ ಹಾಕಿ. ಸಾದಾ ಸೋಡಾ ನೀರನ್ನು ಸಮಪಾಲು ಬೆರೆಸಿದರೆ ಕೆಲವು ನಿಮಿಷಗಳಲ್ಲಿ ಮಂಕಾಗುತ್ತವೆ. ಸಿಹಿ ಹಾಕಿದ ಸೋಡಾ ಬೇಡ.

ಮೈಚಾಚಿದ ಸ್ಥಿತಿಯಲ್ಲೇ ಉಳಿಸಬೇಕೆಂದರೆ ಬಿಸಿನೀರಿನ ಉಪಾಯ ಒಳ್ಳೆಯದು. ಸಣ್ಣ ಬೀಕರಿನಲ್ಲಿ 10 ಮಿ.ಲೀ. ದಟ್ಟ ಮಾದರಿ ಇಟ್ಟು, ಪ್ರಾಣಿಗಳು ತಲೆ ಬಿಚ್ಚಿ ಈಜುವುದನ್ನು ಖಚಿತಪಡಿಸಿಕೊಂಡು, ಅಷ್ಟೇ ಪ್ರಮಾಣದ ಕುದಿಯುವ ನೀರನ್ನು ಒಮ್ಮೆಲೇ ಸುರಿಯಿರಿ. ತಣಿದ ಮೇಲೆ ಫಾರ್ಮಲಿನ್ ಹಾಕಿ. ನಿಧಾನವಾಗಿ ಸುರಿದರೆ ಮುದುಡಲು ಸಮಯ ಕೊಟ್ಟಂತಾಗಿ ಶ್ರಮ ವ್ಯರ್ಥ.

ಹೆಸರು ಹಿಡಿಯುವ ದಾರಿ

ಎದುರಿಗೆ ಬಂದ ಪ್ರಾಣಿಗೆ ಮೂರು ಪ್ರಶ್ನೆ ಹಾಕಿ: ಮೈಮೇಲೆ ಲೋರಿಕಾ ಎಂಬ ಗಟ್ಟಿ ಕವಚವಿದೆಯೇ? ಪಾದವಿದೆಯೇ? ಪಾದಕ್ಕೆ ಬೆರಳೆಷ್ಟು?

ಕವಚದ ಮುಂದೆ ಮುಳ್ಳುಗಳಿದ್ದು, ಸುಕ್ಕುಸುಕ್ಕಾದ ಪಾದವನ್ನು ಚಾಚಿ ಎಳೆದುಕೊಳ್ಳುತ್ತಿದ್ದರೆ ಬ್ರಾಕಿಯೋನಸ್. ಪಾದವಿಲ್ಲದೆ, ಬೆನ್ನಿನ ಮೇಲೆ ಕಲ್ಲು ಹಾಸಿದಂಥ ವಿಭಾಗಗಳಿದ್ದರೆ ಕೆರಟೆಲ್ಲಾ. ನಮ್ಮ ಕಡೆ ಎಲ್ಲೆಲ್ಲೂ ಸಿಗುವ ಕೆರಟೆಲ್ಲಾ ಟ್ರಾಪಿಕಾದ ಹಿಂದಿನ ಎರಡು ಮುಳ್ಳುಗಳಲ್ಲಿ ಬಲದ್ದು ಉದ್ದ, ಎಡದ್ದು ಗಿಡ್ಡ. ಎಡದ್ದು ಇಲ್ಲದೆಯೂ ಇರಬಹುದು. ಎಡ-ಬಲ ಹೇಳುವ ಮೊದಲು ಪ್ರಾಣಿಯ ಬೆನ್ನು ಮೇಲಿದೆಯೇ ನೋಡಿ. ಒಂದೇ ಮುಳ್ಳು ನಡುವೆ ಇದ್ದರೆ ಕೆರಟೆಲ್ಲಾ ಕಾಕ್ಲಿಯೇರಿಸ್.

ಚಪ್ಪಟೆ ಕವಚ, ಹಿಂದೆ ಒಂದು ಅಥವಾ ಎರಡು ನೀಳ ಬೆರಳು: ಲೆಕೇನ್. ಲೆಕೇನ್ ಬುಲ್ಲಾಕ್ಕೆ ಒಂದು, ಲೆಕೇನ್ ಲೂನಾಕ್ಕೆ ಎರಡು. ಮೈ ಸ್ವಲ್ಪ ತಿರುಚಿ, ಹಿಂದೆ ಸೂಜಿಯಂಥ ಬೆರಳಿದ್ದರೆ ಟ್ರೈಕೊಸರ್ಕಾ. ಮುಂದೆ ಎರಡು, ಹಿಂದೆ ಒಂದು ಉದ್ದ ಬಿರುಗೂದಲಿದ್ದರೆ ಫಿಲಿನಿಯಾ. ಗರಿಯಂಥ ಹನ್ನೆರಡು ಪಟ್ಟಿಗಳು ಮೂರು ಮೂರರ ನಾಲ್ಕು ಗುಂಪಾಗಿದ್ದು, ನೀರಿನಲ್ಲಿ ಚಂಗನೆ ಜಿಗಿದರೆ ಪಾಲಿಆರ್ಥ್ರಾ. ಪಾರದರ್ಶಕ ಚೀಲದಂತಿದ್ದು, ಪಾದವಿಲ್ಲದೆ, ಹೊಟ್ಟೆಯಲ್ಲಿ ತಿಂದ ಕೆರಟೆಲ್ಲಾದ ಕವಚ ಕಾಣುತ್ತಿದ್ದರೆ ಆಸ್ಪ್ಲಾಂಕ್ನಾ. ತೆವಳುವ ಡೆಲಾಯ್ಡ್‌ಗಳಲ್ಲಿ ರೋಟೇರಿಯಾಕ್ಕೆ ಮೂರು ಬೆರಳು, ಫಿಲೋಡಿನಾಕ್ಕೆ ನಾಲ್ಕು. ರೋಟೇರಿಯಾದ ಮೈಯೊಳಗೆ ಮರಿ ಕಾಣುವುದುಂಟು, ಫಿಲೋಡಿನಾ ಮೊಟ್ಟೆಯಿಡುತ್ತದೆ.

ಹೊಸಬರು ಮುಗ್ಗರಿಸುವುದು ಬ್ರಾಕಿಯೋನಸ್ ಕ್ಯಾಲಿಸಿಫ್ಲೋರಸ್ ಹತ್ತಿರ. ಒಂದೇ ಬಾಟಲಿಯಲ್ಲಿ ಹಿಂದೆ ಉದ್ದ ಮುಳ್ಳಿರುವವು, ಗಿಡ್ಡ ಮುಳ್ಳಿನವು, ಮುಳ್ಳೇ ಇಲ್ಲದವು ಸಿಗುತ್ತವೆ. ಮೂರು ಪ್ರಭೇದ ಎಂದು ಬರೆಯಬೇಡಿ. ನೀರಿನಲ್ಲಿ ಆಸ್ಪ್ಲಾಂಕ್ನಾ ಇದ್ದರೆ ಅದು ಬಿಡುವ ರಾಸಾಯನಿಕದ ಸುಳಿವಿಗೆ ತಾಯಿಯಲ್ಲಿ ಮುಳ್ಳು ಬರುವುದಿಲ್ಲ, ಮುಂದಿನ ಮರಿಗಳು ಮುಳ್ಳಿನೊಂದಿಗೇ ಹುಟ್ಟುತ್ತವೆ. ಮುಳ್ಳಿರುವುದನ್ನು ನುಂಗುವುದು ಆಸ್ಪ್ಲಾಂಕ್ನಾಕ್ಕೆ ಕಷ್ಟ. ಹೀಗಾಗಿ ಮುಳ್ಳಿನ ಉದ್ದವನ್ನು ಅಳೆದು ದಾಖಲಿಸಿದರೆ ಬೇಟೆಗಾರನ ಸುದ್ದಿಯೂ ಸಿಗುತ್ತದೆ. ಇಷ್ಟರ ಮೇಲೆ, ಈ ಒಂದು ಹೆಸರಿನಡಿ ಇದ್ದದ್ದನ್ನು 2018ರಲ್ಲಿ ವಂಶವಾಹಿ ಮತ್ತು ದೇಹರಚನೆಯ ಆಧಾರದಲ್ಲಿ ನಾಲ್ಕು ಪ್ರಭೇದಗಳಾಗಿ ಬಿಡಿಸಲಾಗಿದೆ. ಬರೀ ಕಣ್ಣಳತೆಯಲ್ಲಿ ನೋಡಿದವರು 'ಕ್ಯಾಲಿಸಿಫ್ಲೋರಸ್ ಗುಂಪು' ಎಂದು ಬರೆಯುವುದೇ ಪ್ರಾಮಾಣಿಕ.

ಹೊರರೂಪದಿಂದ ಬಗೆಹರಿಯದಿದ್ದರೆ ದವಡೆ ನೋಡಬೇಕು. ಫಾರ್ಮಲಿನ್ ಇರುವ ಮಾದರಿಯನ್ನು ಮೊದಲು ನೀರಿನಲ್ಲಿ ಎರಡು-ಮೂರು ಸಲ ತೊಳೆಯಿರಿ. ಬ್ಲೀಚ್ ಮತ್ತು ಫಾರ್ಮಲಿನ್ ಸೇರಬಾರದು. ಒಂದೇ ಪ್ರಾಣಿಯನ್ನು ಸ್ಲೈಡಿನ ಮೇಲಿಟ್ಟು, ಕವರ್ ಗಾಜಿನ ಅಂಚಿಗೆ ಸೋಡಿಯಂ ಹೈಪೋಕ್ಲೋರೈಟ್ ಇರುವ ಮನೆಬಳಕೆಯ ಬ್ಲೀಚ್ ದ್ರಾವಣದ ಒಂದು ಹನಿ ಮುಟ್ಟಿಸಿ. ಕಣ್ಣು ತೆಗೆಯದೆ ನೋಡುತ್ತಿರಿ. ಮಾಂಸ ಕರಗಿ ಟ್ರೋಫೈ ಮಾತ್ರ ಉಳಿಯುತ್ತದೆ. ಒಂದು ಕ್ಷಣ ಬೇರೆಡೆ ನೋಡಿದರೂ ಅದು ಹರಿದುಹೋಗಿ ಸಿಗದಂತಾಗುತ್ತದೆ. ಬ್ರಾಕಿಯೋನಸ್ಸಿನದು ಅರೆಯುವ ದವಡೆ, ಆಸ್ಪ್ಲಾಂಕ್ನಾದ್ದು ಇಕ್ಕಳದಂತೆ ಹಿಡಿಯುವುದು, ಪಾಲಿಆರ್ಥ್ರಾದ್ದು ಚುಚ್ಚಿ ಹೀರುವುದು. ಯಾವುದು ಏನು ತಿನ್ನುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಎಣಿಕೆ

ಸೆಡ್ಜ್‌ವಿಕ್-ರಾಫ್ಟರ್ ಕೋಶ ಎಂದರೆ ಎಣಿಕೆಗೆಂದೇ ಮಾಡಿದ ತೊಟ್ಟಿಯಂಥ ಸ್ಲೈಡ್: 50 ಮಿ.ಮೀ. ಉದ್ದ, 20 ಅಗಲ, 1 ಆಳ. ಹಿಡಿಯುವುದು ಸರಿಯಾಗಿ 1 ಮಿ.ಲೀ. ಬಾಟಲಿಯನ್ನು ತಲೆಕೆಳಗು ಮಾಡಿ ನಿಧಾನವಾಗಿ ಬೆರೆಸಿ, ಅಗಲ ಬಾಯಿಯ ಪಿಪೆಟ್ಟಿನಲ್ಲಿ ತಕ್ಷಣ ಎಳೆಯಿರಿ. ತಡ ಮಾಡಿದರೆ ಭಾರದವು ತಳ ಸೇರುತ್ತವೆ. ಕನಿಷ್ಠ ಮೂರು ಸಲ ಎಣಿಸಿ.

ಉದಾಹರಣೆಗೆ, 40 ಲೀಟರ್ ಸೋಸಿ 30 ಮಿ.ಲೀ.ಗೆ ಇಳಿಸಿದ್ದೀರಿ. ಮೂರು ಎಣಿಕೆ 212, 188, 200, ಸರಾಸರಿ 200. ಇದನ್ನು 30ರಿಂದ ಗುಣಿಸಿ 40ರಿಂದ ಭಾಗಿಸಿದರೆ ಲೀಟರಿಗೆ 150. ಒಟ್ಟು 100 ಪ್ರಾಣಿ ಮಾತ್ರ ಎಣಿಸಿದ್ದರೆ ತಪ್ಪಿನ ಅಂತರ ಸುಮಾರು ಶೇ. 20, 400 ಎಣಿಸಿದ್ದರೆ ಶೇ. 10. ಖಾಲಿ ಕವಚಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಮೊಟ್ಟೆ ಹೊತ್ತ ಹೆಣ್ಣುಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಸಂಖ್ಯೆ ಏರುವ ದಾರಿಯಲ್ಲಿದೆಯೇ ಇಳಿಯುತ್ತಿದೆಯೇ ಎಂದು ಅದು ತೋರಿಸುತ್ತದೆ.

ಫಲಿತಾಂಶ ಓದುವಾಗ

ಬೆಚ್ಚಗಿನ ನೀರಿನಲ್ಲಿ ಬ್ರಾಕಿಯೋನಸ್ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಮರಿ ಒಂದೆರಡು ದಿನದಲ್ಲಿ ತಾನೇ ಮೊಟ್ಟೆಯಿಡುತ್ತದೆ, ಗಂಡಿನ ಹಂಗಿಲ್ಲದೆ. ಇಂಥ ಪ್ರಾಣಿಯನ್ನು ತಿಂಗಳಿಗೊಮ್ಮೆ ನೋಡಿದರೆ ನಡುವೆ ಆದ ಏರಿಳಿತವೆಲ್ಲ ತಪ್ಪಿಹೋಗುತ್ತದೆ. ವಾರಕ್ಕೊಮ್ಮೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕು.

ಜಲಜೀವಿ ವಿಜ್ಞಾನಿ ಸ್ಲಾಡೆಚೆಕ್ 1983ರಲ್ಲಿ ಕೊಟ್ಟ ಬ್ರಾಕಿಯೋನಸ್-ಟ್ರೈಕೊಸರ್ಕಾ ಅನುಪಾತವನ್ನು ಭಾರತದ ಪ್ರಬಂಧಗಳಲ್ಲಿ ಧಾರಾಳವಾಗಿ ಬಳಸುತ್ತಾರೆ: ಬ್ರಾಕಿಯೋನಸ್ ಪ್ರಭೇದಗಳ ಸಂಖ್ಯೆಯನ್ನು ಟ್ರೈಕೊಸರ್ಕಾ ಪ್ರಭೇದಗಳ ಸಂಖ್ಯೆಯಿಂದ ಭಾಗಿಸಿ, 1ಕ್ಕಿಂತ ಕಡಿಮೆಯಾದರೆ ಪೋಷಕಾಂಶ ಕಡಿಮೆಯಿರುವ ನೀರು, 2 ದಾಟಿದರೆ ಪೋಷಕಾಂಶ ತುಂಬಿದ ನೀರು. ಇದು ಯುರೋಪಿನ ತಂಪು ನೀರಿಗೆ ಹೊಂದುವ ಅಳತೆ. ಬ್ರಾಕಿಯೋನಸ್ ಉಷ್ಣವಲಯದಲ್ಲಿ ಸಹಜವಾಗಿಯೇ ಸಮೃದ್ಧ, ಟ್ರೈಕೊಸರ್ಕಾ ಹೆಚ್ಚಾಗಿ ಗಿಡಗಳ ನಡುವಿನದು. ನಡುನೀರನ್ನು ಮಾತ್ರ ಸೋಸಿದವರಿಗೆ ನಮ್ಮ ಒಳ್ಳೆಯ ಕೆರೆಯೂ ಕೆಟ್ಟದ್ದಾಗಿ ಕಾಣುತ್ತದೆ. ಒಂದೇ ಕೆರೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ಬಳಸಿ, ತೀರ್ಪು ಕೊಡಲು ಬೇಡ.

ಇದಕ್ಕಿಂತ ನಂಬಬಹುದಾದ ಸೂಚನೆಗಳಿವೆ. ಪ್ರಭೇದ ಕುಸಿದು, ಒಂದೆರಡು ಬ್ರಾಕಿಯೋನಸ್ ಮತ್ತು ನೀಳಕಾಲಿನ ರೋಟೇರಿಯಾ ನೆಪ್ಚುನಿಯಾ ಉಕ್ಕಿದರೆ ಕೊಳಚೆ ಸೇರುತ್ತಿದೆ ಎಂದು ಅನುಮಾನಿಸಬೇಕು. ದೊಡ್ಡ ಡ್ಯಾಫ್ನಿಯಾ ಹೆಚ್ಚಿದ್ದಾಗ ರೋಟಿಫರ್ ಕಡಿಮೆಯಾಗುತ್ತವೆ. ಆಹಾರಕ್ಕೆ ಪೈಪೋಟಿ ಒಂದು ಕಾರಣ, ಡ್ಯಾಫ್ನಿಯಾದ ನೀರಿನ ಸೆಳೆತಕ್ಕೆ ಸಿಕ್ಕಿ ಗಾಯವಾಗುವುದು ಇನ್ನೊಂದು. ಮೀನು ಡ್ಯಾಫ್ನಿಯಾವನ್ನು ತಿಂದು ಖಾಲಿ ಮಾಡಿದ ಕೆರೆಯಲ್ಲಿ ರೋಟಿಫರ್ ಮತ್ತೆ ಏರುತ್ತವೆ. ಮುಂಗಾರಿನ ಹೊಸನೀರು ಬಂದು ಕೋಡಿ ಹರಿದಾಗ ಸಂಖ್ಯೆ ಇಳಿಯುವುದು ನೀರು ತೆಳುವಾದದ್ದಕ್ಕೆ ಮತ್ತು ಕೊಚ್ಚಿಹೋದದ್ದಕ್ಕೆ. ಅದನ್ನು ಮಾಲಿನ್ಯದ ಲೆಕ್ಕಕ್ಕೆ ಬರೆಯಬಾರದು.

ಒಣಗಿದ ಕೆರೆಯೂ ಖಾಲಿಯಲ್ಲ

ಬಯಲುಸೀಮೆಯ ಎಷ್ಟೋ ಕೆರೆ, ಗೋಕಟ್ಟೆಗಳು ಬೇಸಿಗೆಯಲ್ಲಿ ಬಿರುಕು ಬಿಡುತ್ತವೆ. ದಟ್ಟಣೆ ಹೆಚ್ಚಿದಂಥ ಸೂಚನೆ ಸಿಕ್ಕಾಗ ಬ್ರಾಕಿಯೋನಸ್‌ನಂಥ ಮಾನೊಗೊನಾಂಟ್ (ಡೆಲಾಯ್ಡ್ ಅಲ್ಲದ ಇನ್ನೊಂದು ದೊಡ್ಡ ಗುಂಪಿನ) ರೋಟಿಫರ್‌ಗಳಲ್ಲಿ ಬೇರೊಂದು ಬಗೆಯ ಹೆಣ್ಣು ಹುಟ್ಟುತ್ತದೆ. ಅದರ ಮೊಟ್ಟೆ ಫಲಿತವಾಗದಿದ್ದರೆ ಪುಟ್ಟ ಗಂಡು, ಫಲಿತವಾದರೆ ದಪ್ಪ ಗೋಡೆಯ ವಿಶ್ರಾಂತ ಮೊಟ್ಟೆ. ಅದು ಹೂಳಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡೆಲಾಯ್ಡ್‌ಗಳಲ್ಲಿ ಗಂಡನ್ನು ಯಾರೂ ಕಂಡಿಲ್ಲ. ಅವು ಮೈಯನ್ನೇ ಒಣಗಿಸಿಕೊಂಡು ಕಾಯುತ್ತವೆ. ಸೈಬೀರಿಯಾದಲ್ಲಿ ಸುಮಾರು 24,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಿಂದ ಡೆಲಾಯ್ಡ್ ಒಂದು ಮತ್ತೆ ಜೀವ ತಳೆದದ್ದನ್ನು 2021ರಲ್ಲಿ ವರದಿ ಮಾಡಲಾಯಿತು.

ಹಾಗಾಗಿ ಬೇಸಿಗೆಯಲ್ಲೂ ಕೆಲಸ ನಿಲ್ಲಿಸಬೇಕಿಲ್ಲ. ಅಂಗಳದ ನಾಲ್ಕೈದು ಕಡೆಯಿಂದ ಮೇಲಿನ 2 ಸೆಂ.ಮೀ. ಮಣ್ಣು ಕೆರೆದು ಬೆರೆಸಿ. 50 ಗ್ರಾಂ ಮಣ್ಣನ್ನು ಅಗಲ ತಟ್ಟೆಯಲ್ಲಿ ಹರಡಿ, ಕುದಿಸಿ ಆರಿಸಿದ ಮಳೆನೀರನ್ನು ಮೂರು ಬೆರಳು ಎತ್ತರಕ್ಕೆ ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಬೆಳಕು ಬೇಕು, ನೇರ ಬಿಸಿಲು ಬೇಡ. 25-28 ಡಿಗ್ರಿ ಸಾಕು. ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಿ. ಡೆಲಾಯ್ಡ್‌ಗಳು ಕೆಲವು ಗಂಟೆಗಳಲ್ಲೇ ತೆವಳಲು ತೊಡಗಬಹುದು. ಉಳಿದವಕ್ಕಾಗಿ ಎರಡನೆಯ ದಿನದಿಂದ ಮೂರು ವಾರದವರೆಗೆ ದಿನ ಬಿಟ್ಟು ದಿನ ಡ್ರಾಪರಿನಿಂದ ಮೇಲಿನ ನೀರು ತೆಗೆದು ನೋಡಿ. ನೀರು ನಾರತೊಡಗಿದರೆ ಮಣ್ಣು ಹೆಚ್ಚಾಗಿದೆ ಎಂದರ್ಥ. 20 ಗ್ರಾಮಿಗೆ ಇಳಿಸಿ ಹೊಸದಾಗಿ ಹೂಡಿ.

ಹೆಸರು ಖಚಿತವಾದ ಮಾದರಿಗಳನ್ನು ಸಣ್ಣ ಗಾಜಿನ ಸೀಸೆಯಲ್ಲಿ, ಶೇ. 4 ಫಾರ್ಮಾಲ್ಡಿಹೈಡಿಗೆ ಕೆಲವು ಹನಿ ಗ್ಲಿಸರಿನ್ ಸೇರಿಸಿ ಇಡಿ. ಮುಚ್ಚಳ ಸಡಿಲಾಗಿ ದ್ರವ ಆರಿಹೋದರೂ ಗ್ಲಿಸರಿನ್ ತಳದಲ್ಲಿ ಉಳಿದು, ಪ್ರಾಣಿ ಪುಡಿಯಾಗುವುದನ್ನು ತಪ್ಪಿಸುತ್ತದೆ. ಒಳಗಿನ ಚೀಟಿಯಲ್ಲಿ ಕೆರೆಯ ಹೆಸರು, ದಿನಾಂಕ, ನಡುನೀರೋ ಗಿಡದ ಬುಡವೋ, ಬಲೆಯ ಕಣ್ಣು ಎಷ್ಟು ಮೈಕ್ರಾನ್ ಎಂಬುದಿರಲಿ. ಬಲೆಯ ಅಳತೆ ಬರೆಯದ ಪಟ್ಟಿಯನ್ನು ಇನ್ನೊಂದು ಪಟ್ಟಿಯ ಜೊತೆ ಹೋಲಿಸಲು ಬರುವುದಿಲ್ಲ.